ಷರತ್ತುಗಳು ಅನ್ವಯ

ಹೈಪರ್‌ಮಾರ್ಕೆಟ್ಟಿನ ಬಾಗಿಲಲ್ಲಿ, ಅಕ್ಕಿ ಮೂಟೆಗಳ ಪಕ್ಕ,
ಗಾಜಿನ ಪೆಟ್ಟಿಗೆಗೆ ಹಾಕಿದ್ದ ಚೀಟಿ
ನಾನು ಮರೆತೇ ಬಿಟ್ಟಿದ್ದೆ.
ಫೋನು ಬಂತು: ಅಭಿನಂದನೆ ಮೇಡಂ,
ದೇರಾದಲ್ಲಿ ಒಂದು ರಾತ್ರಿ ಹೋಟೆಲ್ ಫ್ರೀ,
ತಿಂಡಿ ಫ್ರೀ, ಗಂಡ ಹೆಂಡತಿ ಇಬ್ಬರೂ ಬರಲೇಬೇಕು,
ತೊಂಬತ್ತು ನಿಮಿಷ ಕೂತು ಕೇಳಿದರೆ ಸಾಕು,
ಸಂಬಳ ಎಂಟು ಸಾವಿರದ ಮೇಲಿರಬೇಕು.

ಇಬ್ಬರದೂ ಕೂಡಿಸಿದರೆ ನಾಲ್ಕು ಸಾವಿರದ ಚಿಲ್ಲರೆ.
ಇರಲಿ ಅಂದೆ, ಸುಳ್ಳಿಗೆ ವ್ಯಾಟ್ ಇಲ್ಲವಲ್ಲ.

ಅವರು ಸೋನಾಪುರದ ಕ್ಯಾಂಪಿನಲ್ಲಿ, ಮೇಲಿನ ಮಂಚ.
ನಾನು ಕರಾಮದಲ್ಲಿ, ಏಳು ಹೆಂಗಸರ ನಡುವೆ,
ಕೆಳಗಿನ ಮಂಚ, ಹಳೇ ಸೀರೆಯ ಪರದೆ.
ಎರಡು ವರ್ಷದಿಂದ ನಮ್ಮ ಸಂಸಾರ
ಭಾನುವಾರ ಸಂಜೆ, ಬಸ್ ಸ್ಟಾಪಿನ ಎಸಿ ಡಬ್ಬಿಯೊಳಗೆ.
ಬಸ್ಸು ಬಂದರೆ ಹತ್ತುವುದಿಲ್ಲ ನಾವು.

ಲಾಬಿಯಲ್ಲಿ ಒಂದು ಚಕ್ರ, ಬಣ್ಣಬಣ್ಣದ ಹೋಳು.
ಈ ದೇಶದಲ್ಲಿ ಜೂಜಿಲ್ಲ, ಇದು ಪ್ರಮೋಷನ್.
ತಿರುಗಿಸಿದೆ. ಟಕಟಕ ಅಂತ ಮುಳ್ಳು
ಕಾರಿನ ಚಿತ್ರ ದಾಟಿ, ಚಿನ್ನದ ನಾಣ್ಯ ದಾಟಿ,
ಸುಸ್ತಾಗಿ ಕೀ ಚೈನಿನ ಮೇಲೆ ಕೂತಿತು.

ಮೂರನೇ ಮಹಡಿಯಲ್ಲಿ ದುಂಡು ಮೇಜು, ಜ್ಯೂಸು,
ಕೋಟು ತೊಟ್ಟ ಹುಡುಗ, ಎದೆ ಮೇಲೆ ಆಂಡಿ ಅಂತ ಬಿಲ್ಲೆ.
ಪರದೆಯಲ್ಲಿ ನೀಲಿ ಸಮುದ್ರ, ಬಿಳಿ ಕುರ್ಚಿ.
ವರ್ಷಕ್ಕೆ ಒಂದು ವಾರ, ನಿಮ್ಮದೇ, ಸಾಯುವವರೆಗೂ!
ನಮ್ಮವರು ಗಂಗೊಳ್ಳಿಯ ಖಾರ್ವಿ, ದೋಣಿಯಲ್ಲೇ ಬೆಳೆದವರು,
ಸಮುದ್ರವನ್ನು ಕಂತಿನಲ್ಲಿ ಕೊಳ್ಳುವ ಬಗೆಯನ್ನು
ಕಣ್ಣರಳಿಸಿ ಕೇಳಿದರು.
ಮಣಿಕಟ್ಟಿನಲ್ಲಿ ಫೋರ್ಮನ್ನನ ವಾಚು.
ಪೆನ್ನು ಕೊಟ್ಟರು. ಪೆನ್ನು ಚೆನ್ನಾಗಿತ್ತು. ಅದೇ ಭಯ.

"ಎಂತ ಮಾಡುದು?" ಅಂದೆ ನಾನು, ಮೆಲ್ಲಗೆ.
ಹುಡುಗನ ಇಂಗ್ಲಿಷು ತಟಕ್ಕನೆ ನಿಂತಿತು.
ಕಾಗದ ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿ
"ಹ್ವಾಯ್, ಸೈನ್ ಹಾಕ್ಬೇಡಿ ಮರ್ರೆ.
ಕೀ ತಕಂಡ್ ಸೀದಾ ಮೇಲೆ."
ಮತ್ತೆ ತಲೆ ಎತ್ತಿದಾಗ ಪೂರಾ ಆಂಡಿ.
ಊರು ಕೇಳಬೇಕಿತ್ತು, ಕೇಳಲಿಲ್ಲ.
ಆವತ್ತಿನ ಅವನ ಕಮಿಷನ್ ಎಷ್ಟು ಹೋಯಿತೋ.

ರೂಮು ನಾನ್ನೂರ ಹನ್ನೊಂದು. ಕ್ರೀಕ್ ವ್ಯೂ ಅಂದರೆ
ಪಕ್ಕದ ಕಟ್ಟಡದ ಎಸಿಗಳ ಬೆನ್ನು.
ಬಾಗಿಲಿಗೆ ಒಳಗಿಂದ ಚಿಲಕ.
ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.
ಹಾಸಿಗೆಯ ಒಂದೊಂದು ಅಂಚಿಗೆ ಕೂತೆವು ಇಬ್ಬರೂ,
ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದವರ ಹಾಗೆ.
ಮಾತು ಸಾಲದೆ ನಾನು ಸೋಪು ಎಣಿಸಿದೆ: ನಾಲ್ಕು.
ಶ್ಯಾಂಪೂ ಎರಡು. ಕಾಗದದಂಥ ಚಪ್ಪಲಿ.
ಶವರ್ ಕ್ಯಾಪು, ಹಲ್ಲುಜ್ಜುವ ಬ್ರಷ್ಷು.

ಅಷ್ಟರಲ್ಲಿ ಮೇಲೆ ಎಸಿ ಕೆಮ್ಮಿತು.
ಹನ್ನೊಂದು ವರ್ಷ ಡಕ್ಟ್ ತೊಳೆದ ಕೈ, ಸುಮ್ಮನಿರದು.
"ಇದನ್ನ ಯಾರೂ ಮುಟ್ಟದೆ ಎರಡು ವರ್ಷ ಆಗಿದೆ" ಅಂದರು.
ಯಾವುದನ್ನ ಅಂತ ನಾನು ಕೇಳಲಿಲ್ಲ.
ಕುರ್ಚಿ ಹತ್ತಿ, ಕಾಲು ದಿರ್ಹಮ್ ನಾಣ್ಯದಿಂದ ತಿರುಪು ಬಿಚ್ಚಿ,
ಜಾಲರಿ ಇಳಿಸಿ, ಫ್ರೀ ಬ್ರಷ್ಷಿನಿಂದಲೇ ತಿಕ್ಕಿ
ಶವರ್ ಕ್ಯಾಪಿನ ತುಂಬ ಬೂದು ಧೂಳು ಹಿಡಿದು ತೋರಿಸಿದರು,
ಬಲೆಗೆ ಅಂಜಲ್ ಬಿದ್ದವರ ಮುಖದಲ್ಲಿ.
ಬೈದೆ. ಆಮೇಲೆ ಕುರ್ಚಿ ಹಿಡಿದುಕೊಂಡೆ.

ಗಾಳಿ ತಣ್ಣಗೆ ಬಂತು, ಸದ್ದಿಲ್ಲದೆ.
ನಡುರಾತ್ರಿ ಅವರ ಗೊರಕೆ ಕೇಳುತ್ತ ಎಚ್ಚರವಿದ್ದೆ,
ಬಿಟ್ಟಿ ಸಿಕ್ಕಿದ್ದನ್ನು ನಿದ್ದೆಗೆ ಸುರಿಯಬಾರದೆಂದು.

ಬೆಳಿಗ್ಗೆ ಬೇಯಿಸಿದ ಮೊಟ್ಟೆ ಏಳು ವ್ಯಾನಿಟಿ ಬ್ಯಾಗಿಗೆ,
ತಲೆಗೊಂದರಂತೆ ಕರಾಮಕ್ಕೆ.
ಹನ್ನೆರಡಕ್ಕೆ ಚೆಕ್ ಔಟ್. ಕೌಂಟರಿನವಳು ಕೇಳಿದಳು,
ರೂಮಿನಿಂದ ಏನಾದರೂ ತೆಗೆದುಕೊಂಡಿರಾ?
ಧೂಳು, ಅಂದರು ನಮ್ಮವರು, ಕನ್ನಡದಲ್ಲಿ.
ಅವಳು ನಕ್ಕು
ಇನ್ನೊಂದು ಕೂಪನ್ ಕೊಟ್ಟಳು.